ಬಕ್ಷೀಸು

ಸುಂಡ್ಸ್‌ವಾಲ್ ಪಟ್ಟಣದ ವಲಸೆ ಕಚೇರಿ, ಮೂರನೇ ಮಹಡಿ.
ಬೆಳಗಿನ ಒಂಬತ್ತಾದರೂ ಬೀದಿದೀಪ ಆರಿಲ್ಲ.
ಮೇಜಿನ ಆಚೆ ಗುನ್‌ವೋರ್, ಈಚೆ ಇವಾಜ್ ಅಲಿ,
ನಡುವೆ ನಾನು, ಗಂಟೆ ಲೆಕ್ಕದ ದುಭಾಷಿ.
ನನಗಿಲ್ಲಿ ನಾಲಗೆ ಉಂಟು, ಮಾತಿಲ್ಲ.

ಹಾಳೆಯಲ್ಲಿ ನಲವತ್ತೆರಡು ಪ್ರಶ್ನೆ.
ಈಸ್ಟರಿನ ಹಿಂದಿನ ಭಾನುವಾರಕ್ಕೆ ಏನೆನ್ನುತ್ತಾರೆ?
ಪವಿತ್ರಾತ್ಮ ಇಳಿದದ್ದು ಯಾವ ಹಕ್ಕಿಯ ಹಾಗೆ?
ಅವನು ಹೆರಾತಿನ ವೆಲ್ಡರು,
ಎಡಗೈಯ ಎರಡು ಬೆರಳು ಮಡಿಸಲು ಬಾರವು.
ಗೊತ್ತಿಲ್ಲ, ಅಂದ.
ಪಾರಿವಾಳ, ಅಂದ. ಇರಬೇಕು, ಅಂದ.
ಆ 'ಇರಬೇಕು'ವನ್ನೂ ತರ್ಜುಮೆ ಮಾಡಿದೆ, ಅದು ನಿಯಮ.

ನನಗೋ, ಆರು ವರ್ಷ ಇದೇ ಹಾಳೆಯನ್ನು ಬಾಯಲ್ಲಿ ಹೊತ್ತು
ಉತ್ತರವೆಲ್ಲ ಕಂಠಪಾಠ.
ನಾನು ಕೊನೆಯ ಸಲ ದೇವರನ್ನು ಕರೆದದ್ದು
ಆಬಾದಾನಿನಲ್ಲಿ, ಹಲ್ಲುನೋವಿಗೆ.
ಆದರೂ ಹಾಳೆಯ ಲೆಕ್ಕದಲ್ಲಿ
ಈ ಊರಿಗೆಲ್ಲ ನಾನೇ ಪರಮ ಕ್ರೈಸ್ತಳು.
ಹದಿನೇಳನೆಯದಕ್ಕೆ ಗುನ್‌ವೋರಳೂ
ಹಿಂಬದಿ ತಿರುವಿ ಉತ್ತರ ನೋಡಿಕೊಂಡಳು.

ಪ್ರಾರ್ಥನೆ ಹೇಗೆ ಮಾಡುತ್ತೀ?
ಭಾನುವಾರ ಚರ್ಚಿನ ಮುಂದೆ ಹಿಮ ಬಾಚುತ್ತೇನೆ.
ಅದು ಪ್ರಾರ್ಥನೆಯೆ?
ಮುದುಕರು ಜಾರಬಾರದಲ್ಲ.
ಬರೆದುಕೊಂಡಳು: ಪ್ರಶ್ನೆಗೆ ಉತ್ತರಿಸಲಿಲ್ಲ.

ಕೊನೆಗೆ ಹಾಳೆ ಪಕ್ಕಕ್ಕಿಟ್ಟು, ದನಿ ತಗ್ಗಿಸಿ,
ಯಾಕೆ ಕ್ರೈಸ್ತನಾದೆ?
ತುರ್ಕಿಯ ಗಡಿ, ಅಂದ. ಬೆಟ್ಟ. ಮಂಜು.
ತಮ್ಮನನ್ನು ಬಂಡೆಗೊರಗಿಸಿ ಕೂರಿಸಿದೆ,
ಈಗ ಬಂದೆ ಅಂತ ಹೇಳಿ...
ಆಮೇಲೆ ಬಹಳ ಹೊತ್ತಿಗೆ ಒಂದೇ ಪದ:
ಬಖ್ಶೆಶ್.

ನಮ್ಮ ಭಾಷೆಯಲ್ಲಿ ಅದು ಕ್ಷಮೆ.
ನಮ್ಮ ಭಾಷೆಯಲ್ಲೇ ಅದು ಕೊಡುಗೆ, ಕೈಗೆ ದಕ್ಕಿದ್ದು.
ಅದೇ ಪದ ದೇಶಾಂತರ ಹೋಗಿ
ಎಲ್ಲೆಲ್ಲೋ ಹೋಟೆಲಿನ ತಟ್ಟೆಯಲ್ಲಿ
ಚಿಲ್ಲರೆಯಾಗಿ ಸದ್ದು ಮಾಡುತ್ತದಂತೆ.
ಸ್ವೀಡಿಷಿನಲ್ಲಿ ಎರಡಕ್ಕೆ ಎರಡು ಪದ, ನಡುವೆ ಗೋಡೆ.
ಒಂದು ಹೇಳಿದರೆ ಅವನು ವಿಶ್ವಾಸಿ,
ಇನ್ನೊಂದು ಹೇಳಿದರೆ ಕಾಗದಕ್ಕಾಗಿ ಬಂದವನು.
ಯಾವುದೆಂದು ಅವನನ್ನೇ ಕೇಳಬಹುದಿತ್ತು.
ನಿಯಮದಲ್ಲಿ ಅದಕ್ಕೆ ಅವಕಾಶ ಉಂಟು.
ಕೇಳಲಿಲ್ಲ.
ಎರಡೂ, ಅಂದುಬಿಟ್ಟರೆ?

ಹೀಟರು ಕಟಕಟ ಅಂದಿತು.
ಗುನ್‌ವೋರಳ ಬೆರಳು ಕೀಲಿಗಳ ಮೇಲೆ ಕಾದಿದ್ದವು.
ಒಂದು ಪದ ಕೊಟ್ಟೆ. ಇನ್ನೊಂದನ್ನು ನುಂಗಿದೆ.
ನನ್ನ ಬಾಯನ್ನೇ ನೋಡುತ್ತಿದ್ದ ಇವಾಜ್ ಅಲಿ
ನಾನು ಹೇಳಿದ್ದೇನೆಂದು ತಿಳಿಯದೆಯೇ
ಹೌದೆಂದು ತಲೆಯಾಡಿಸಿದ.

ಚೀಟಿಯಲ್ಲಿ ಬರೆದೆ: ಎರಡೂಕಾಲು ಗಂಟೆ.

ಕೆಳಗೆ ಮೆಟ್ಟಿಲಿನ ಮೇಲೆ ಹಿಮ ಗಟ್ಟಿಯಾಗಿತ್ತು.
ಅವನು ಮುಂದೆ ಇಳಿದು
ಬೂಟಿನ ಹಿಮ್ಮಡಿಯಲ್ಲಿ ಒಂದೊಂದೇ ಮೆಟ್ಟಿಲು ಕೆರೆದ.
ಜೋಪಾನ, ಅಕ್ಕಾ, ಅಂದ.