ಕೆಳಗಿನಿಂದ ಬರುವ ಬಿಸಿಲು

ತಾತನ ಗದ್ದದ ಅಡಿಯಲ್ಲಿ ಸುಟ್ಟ ಕಲೆಯಿದೆ,
ಟೋಪಿಯ ನೆರಳಿಗೆ ಲೆಕ್ಕವಿಲ್ಲದ ಜಾಗ.
ಮೂಗಿನ ಹೊಳ್ಳೆಯ ಒಳಗೂ ಸಿಪ್ಪೆಯೆದ್ದ ಚರ್ಮ.
ನಮ್ಮ ಕೊಲ್ಚಾನಿಯಲ್ಲಿ ಬಿಸಿಲು ಎರಡು ಸಲ ಬೀಳುತ್ತದೆ:
ಒಮ್ಮೆ ಮೇಲಿಂದ,
ಇನ್ನೊಮ್ಮೆ ಉಪ್ಪಿನಿಂದ.

ನಲವತ್ತೊಂದು ವರ್ಷ ಕೊಡಲಿಯಲ್ಲಿ ಉಪ್ಪು ಕಡಿದವನು
ಫೌಸ್ಟಿನೊ ಕೋಲ್ಕೆ.
ಉಣ್ಣೆಯ ಮುಸುಕಿಗೆ ಎರಡೇ ತೂತು,
ತೂತಿಗೆ ಕಪ್ಪು ಕನ್ನಡಕ,
ಕನ್ನಡಕದ ಮುರಿದ ಕಾಲಿಗೆ ಲಾಮಾ ಉಣ್ಣೆಯ ದಾರ.
ಇಷ್ಟೆಲ್ಲ ಇದ್ದೂ
ಕಣ್ಣಿನ ಮೂಲೆಯಿಂದ ಪೊರೆಯೊಂದು
ವರ್ಷಕ್ಕೊಂದು ಕಿನೋವಾ ಕಾಳಿನಷ್ಟು
ಒಳಗೆ ಸರಿಯುತ್ತ ಬಂತು.

ಶಾಲೆಯಲ್ಲಿ ಎಲೋಯ್ಸಾ ಟೀಚರ್ ಕಿಟಕಿಗೆ ಕಂಬಳಿ ಹೊದಿಸಿದರು,
ಬಾಗಿಲಿನ ಸಂದಿಗೆ ಚಿಂದಿ ತುರುಕಿದರು.
"ಈಗ ಮೇಜಿನ ಮೇಲೇನಿದೆ ಹೇಳಿ."
ಯಾರೂ ಹೇಳಲಿಲ್ಲ.
ವೆನಾನ್ಸಿಯೊ ಮಾತ್ರ "ಆಲೂಗಡ್ಡೆ" ಎಂದ,
ಅವನಿಗೆ ಹಸಿವಾಗಿತ್ತು.
ಕಂಬಳಿಯ ಒಂದು ಮೂಲೆ ಎತ್ತಿದರು.
ಬೆಳಕು ಓಡಿಬಂದು ಮೇಜಿಗೆ ಡಿಕ್ಕಿ ಹೊಡೆದು
ನಮ್ಮ ಕಡೆ ತಿರುಗಿತು:
ತಗಡಿನ ಲೋಟ, ಹಲ್ಲಿಲ್ಲದ ಬಾಚಣಿಗೆ,
ಮತ್ತೆ, ನಿಜಕ್ಕೂ, ಒಂದು ಆಲೂಗಡ್ಡೆ.

"ನೋಟ ಬೀರುವುದು, ಕಣ್ಣು ಹಾಯಿಸುವುದು, ಎಲ್ಲ ಬರಿ ಮಾತು.
ಕಣ್ಣು ಎಲ್ಲಿಗೂ ಹೋಗುವುದಿಲ್ಲ.
ಬಾಗಿಲು ತೆರೆದುಕೊಂಡು ಕೂತಲ್ಲೇ ಕೂತಿರುತ್ತದೆ.
ಕಣ್ಣಿಗೆ ಬಿತ್ತು ಅನ್ನುತ್ತೀರಲ್ಲ,
ಅದೊಂದು ಸರಿ."

ಮನೆಗೆ ಬಂದು ತಾತನಿಗೆ ಹೇಳಿದೆ.
ಕೋಕಾ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ
"ಟ್ರಕ್ಕಿನವರಿಗೆ ಇದು ಯಾವಾಗಲೋ ಗೊತ್ತು," ಅಂದ.
ಒಣಗಾಲದ ನಡುಹಗಲಲ್ಲಿ ಉಪ್ಪು
ತನಗೆ ಬಂದದ್ದನ್ನೆಲ್ಲ ದಿಕ್ಕುದಿಕ್ಕಿಗೆ ಚೆಲ್ಲುತ್ತದೆ,
ಕುಡುಕನ ಕೈಯ ಸಂಬಳದ ಹಾಗೆ.
ಆಗ ನೆರಳಿಲ್ಲ. ದೂರ ಹತ್ತಿರ ಇಲ್ಲ.
ಎದುರಿಗಿರುವುದು ಬೆಟ್ಟವೋ ಬಿದ್ದ ಬೂಟೋ
ಎಡವಿದ ಮೇಲೆ ತಿಳಿಯಬೇಕು.
ಮಳೆ ಬಂದು ಬೆರಳಗಲ ನೀರು ನಿಂತರೆ ಬೇರೆ ಫಜೀತಿ:
ನೀರು ಚೆಲ್ಲುವುದಿಲ್ಲ,
ಬಂದ ಓರೆಯನ್ನೇ ಲೆಕ್ಕವಿಟ್ಟು
ಅಷ್ಟೇ ಓರೆಯಲ್ಲಿ ವಾಪಸು ಕೊಡುತ್ತದೆ.
ಮೋಡದ ಮೇಲೆ ಟ್ರಕ್ಕು,
ಅದರ ಚಕ್ರಕ್ಕೆ ಚಕ್ರ ಕಚ್ಚಿಕೊಂಡು ತಲೆಕೆಳಗಾದ ಟ್ರಕ್ಕು,
ಎರಡರಲ್ಲೂ ದಾರಿ ತಪ್ಪಿದ ಒಬ್ಬನೇ ಡ್ರೈವರು.

"ಕೊನೆಗೆ ಊರು ಮುಟ್ಟಿಸುವುದು ಹಳೆಯ ಟೈರಿನ ಕಪ್ಪು ಗೀರು.
ಕಪ್ಪು ಏನನ್ನೂ ಹಿಂದಿರುಗಿಸುವುದಿಲ್ಲ, ನುಂಗಿಬಿಡುತ್ತದೆ.
ಕೊಡದವನೊಬ್ಬ ನಡುವೆ ಇದ್ದರೇನೇ
ಕೊಡುವವರು ಎಲ್ಲಿದ್ದಾರೆಂದು ಕಾಣುವುದು."
ಯಾರನ್ನೋ ನೆನೆದು ನಕ್ಕ,
ಬಹುಶಃ ಉಪ್ಪಿನ ಸಂಘದ ಖಜಾಂಚಿಯನ್ನು.

ಈ ಚಳಿಗಾಲ ಅವನಿಗೆ ನನ್ನ ಮುಖ ಕಾಣುತ್ತಿಲ್ಲ.
ಆದರೂ ಹೋಗುತ್ತಾನೆ.
ಕೊಡಲಿಗೆ ಕಣ್ಣು ಬೇಡ, ಸದ್ದು ಸಾಕಂತೆ.
ಸಂಜೆ ಕರೆತರಲು ಹೋದರೆ
ಸಾಲುಸಾಲು ಉಪ್ಪಿನ ಗುಪ್ಪೆಗಳ ನಡುವೆ
ಅವನೂ ಒಂದು ಗುಪ್ಪೆ.

ಅದಕ್ಕೇ ಅಜ್ಜಿಯ ಕೆಂಪು ಶಾಲು ಹೊದ್ದು ಹೊರಡುತ್ತೇನೆ.
ಬಟ್ಟೆಗೆ ಎಲ್ಲ ಬಣ್ಣವೂ ಬರುತ್ತದೆ ಅಂದಿದ್ದರು ಟೀಚರ್.
ಹಸಿರನ್ನು ಇಟ್ಟುಕೊಳ್ಳುತ್ತದೆ, ನೀಲಿಯನ್ನು ಇಟ್ಟುಕೊಳ್ಳುತ್ತದೆ,
ಬೇಡವೆಂದು ಬಿಟ್ಟದ್ದು ಯಾವುದೋ
ಅದರ ಹೆಸರಿನಿಂದಲೇ ನಾವು ಕರೆಯುತ್ತೇವೆ.
ಹಾಗಾದರೆ ಈ ಶಾಲು ಒಳಗೊಳಗೆ
ಕೆಂಪೊಂದನ್ನು ಬಿಟ್ಟು ಬೇರೆಲ್ಲವೂ ಹೌದು.
ಊರೆಲ್ಲ ಸಿಡುಕಿ ಎಂದು ಕರೆದ ಅಜ್ಜಿ
ಏನೇನನ್ನು ಇಟ್ಟುಕೊಂಡಿದ್ದಳೋ.

ತುನುಪಾ ಬೆಟ್ಟದ ಹಿಂದೆ ಹೊತ್ತು ಇಳಿಯುತ್ತದೆ.
ಕೊಡಲಿಯ ಸದ್ದು ನಿಲ್ಲುತ್ತದೆ.
ಮುಸುಕು ಮೇಲೆತ್ತಿ, ಕಣ್ಣು ಕಿರಿದು ಮಾಡಿ
ತಾತ ಕೈ ಬೀಸುತ್ತಾನೆ,
ನನ್ನಿಂದ ಮೂರು ಮಾರು ಎಡಕ್ಕೆ.
ನಾನು ಎಡಕ್ಕೆ ಸರಿದು
ಅಲ್ಲಿ ನಿಲ್ಲುತ್ತೇನೆ.