ಅನುಮತಿ

ಮೂರು ಸಾವಿರ ಶಿಲ್ಲಿಂಗು. ಒಲೆಗೆ ಇದ್ದಿಲು, ಮಗಳ ಪರೀಕ್ಷೆಯ ಶುಲ್ಕ.
ಆ್ಯಪು ಕೇಳಿದ್ದು ಒಂದೇ:
ನಿನ್ನ ಫೋನಿನ ನಂಬರುಗಳನ್ನು ನೋಡಲೇ?
ಮೀನಿನ ಜಿಡ್ಡು ಹತ್ತಿದ ಹೆಬ್ಬೆರಳು
'ಸರಿ'ಯ ಮೇಲೆ ಒಮ್ಮೆ ಜಾರಿತು.

ಕಂತು ತಪ್ಪಿದ ಎಂಟನೇ ದಿನ
ಕಿಸುಮುವಿನ ಸಂತೆಗೆಲ್ಲ ಗೊತ್ತು ಅಡೋಯೊಳ ಸಾಲ.
ಚರ್ಚಿನಲ್ಲಿ ಜೊತೆಗೆ ಹಾಡುವವರಿಗೆ, ಹಲ್ಲು ಕಿತ್ತ ಡಾಕ್ಟರಿಗೆ,
ಬಿಟ್ಟುಹೋದ ಗಂಡನಿಗೆ,
'ದೋಣಿ ರಿಪೇರಿ' ಎಂದಷ್ಟೇ ಬರೆದಿಟ್ಟ ಯಾರಿಗೋ.
ಗಿರಾಕಿಗಳು ಮೀನು ಬಿಟ್ಟು
ಅವಳ ಮುಖ ತೂಗಿದರು.

ಸಂಜೆ ಫೋನು. ಪರದೆಯಲ್ಲಿ: ಅಮ್ಮ.
ತೀರಿಕೊಂಡು ನಾಲ್ಕು ವರ್ಷ; ಅಳಿಸಲು ಕೈ ಬಂದಿರಲಿಲ್ಲ.

ಎತ್ತಿದರೆ ಗಂಡುದನಿ, ಇನ್ನೂ ಒಡೆಯುತ್ತಿದ್ದುದು:
"ನಾನು ಲೊಡ್ವಾರಿನವನು, ಹೊಸ ಸಿಮ್ಮು.
ಬೆಳಿಗ್ಗೆಯಿಂದ ಆರು ಸಲ ಯಾರೋ
ನಿನ್ನ ಮಗಳು ಕಳ್ಳಿ ಅಂತ ಬೈದರು.
ಕೊನೆಗೆ ಹೇಳಿಬಿಟ್ಟೆ,
ನನ್ನ ಮಗಳು ಅಂಥವಳಲ್ಲ, ಫೋನಿಡಿ ಅಂತ.
ತಪ್ಪಾಯಿತೆ, ಅಕ್ಕ?"

ಸರೋವರದ ಮೇಲೆ ಲಾಟೀನು ಹೊತ್ತ ದೋಣಿಗಳು
ಒಂದೊಂದಾಗಿ ದಡ ಬಿಟ್ಟವು.
ನಿನ್ನ ಹೆಸರೇನು ಮಗು ಎಂದು ಕೇಳಹೋದವಳು
ನುಂಗಿಕೊಂಡಳು.
ಬೇಡ.
ಈ ಫೋನಿಗೆ ಅದು ತಿಳಿಯುವುದು ಬೇಡ.