ಗುಳ್ಳೆ ಇಲ್ಲದಂತೆ

ಫಾಲ್ ರಿವರ್ ಊರು, ಇಳಿಜಾರು ಬೀದಿ, ಮಾರ್ಚ್ ತಿಂಗಳು.
ಡ್ರೈಕ್ಲೀನಿಂಗ್ ಅಂಗಡಿಯ ಬೋರ್ಡು ಕಿತ್ತು ಒಯ್ದಿದ್ದಾರೆ.
ಅಕ್ಷರಗಳಿದ್ದ ಜಾಗದಲ್ಲಿ ಗೋಡೆ ಇನ್ನೂ ಬೆಳ್ಳಗಿದೆ,
ಓದಬೇಕೆಂದರೆ ಓದಬಹುದು.

ಏಳಕ್ಕೆ ಎರ್ಮಿನಿಯೊ ಯಂತ್ರ ಇಳಿಸಿದ.
ಡಾಂಬರು ಬಿರಿಯಿತು, ಏಟಿಗೊಂದು ಗೇಣಿನಂತೆ
ಕೊಳವೆ ಕೆಳಗಿಳಿಯಿತು.
ಮೇಲೆ ಬಂದ ನಳಿಗೆಯನ್ನು ಸೀಳಿದರೆ
ಇಟ್ಟಿಗೆ ಚೂರು, ಬೂದಿ, ಯಾರದೋ ಅಂಗಿಯ ಗುಂಡಿ,
ಆಮೇಲೆ ಕಂದು ಮರಳು, ಆಮೇಲೆ ಹಿಮನದಿ ಬಿಟ್ಟುಹೋದ ಜೇಡಿ,
ಒದ್ದೆ ಬೆಕ್ಕಿನ ಬಣ್ಣದ್ದು.
ಬರೆದುಕೊಂಡೆ: ಎರಡಡಿವರೆಗೆ ಭರ್ತಿ ಮಣ್ಣು.
ಎರಡರಿಂದ ಒಂಬತ್ತು ಮರಳು, ಒಣ, ವಾಸನೆ ಇಲ್ಲ.
ಮೀಟರಿನ ಮೂತಿ ಮಣ್ಣಿಗೆ ಹಿಡಿದೆ: ಸೊನ್ನೆ.
ಇನ್ನೊಂದು ತೂತು: ಸೊನ್ನೆ.
ಮೂರನೆಯದರಲ್ಲಿ ಮುಳ್ಳು ಚೂರು ಅಲುಗಿತು,
ಅದು ಎರ್ಮಿನಿಯೊನ ಸಿಗರೇಟು.

ನಕ್ಷೆ ಕಚೇರಿಯಲ್ಲಿ ಬರೆದದ್ದು.
ಕಚೇರಿ ಯಾವತ್ತೂ ಹಿತ್ತಿಲ ಬಾಗಿಲಿಂದ ಬರುವುದಿಲ್ಲ.

ಹತ್ತು ಗಂಟೆಗೆ ಬೇಲಿಯಾಚೆ ಒಬ್ಬಳು ಮುದುಕಿ,
ಕಂಕುಳಲ್ಲಿ ಮಡಚುವ ಕುರ್ಚಿ, ಕೈಯಲ್ಲಿ ಫ್ಲಾಸ್ಕು.
ದಿಯೊಲಿಂಡಾ ಫುರ್ತಾದು. ಅಸೋರ್ಸ್ ದ್ವೀಪದಿಂದ ಬಂದು
ಇಪ್ಪತ್ತಾರು ವರ್ಷ ಇಲ್ಲೇ ಇಸ್ತ್ರಿ ಹಾಕಿದವಳು.
"ಮದುವೆಯ ಕೋಟು, ಪಾದ್ರಿಯ ನಿಲುವಂಗಿ, ಜಡ್ಜಿಯ ಪ್ಯಾಂಟು,
ಈ ಊರಿನ ಎಲ್ಲರ ಕಲೆ ನನಗೆ ಗೊತ್ತು.
ನೀರು ಮುಟ್ಟಿಸದೆ ತೊಳೆಯುತ್ತಿದ್ದೆವು, ಅದೇ ನಮ್ಮ ಹೆಚ್ಚುಗಾರಿಕೆ."

ಕನ್ನಡಕ ಏರಿಸಿ ನಕ್ಷೆ ನೋಡಿದಳು,
ಅಕ್ಕಿಯೊಳಗಿನ ಕಲ್ಲಿನಂತೆ ಅತ್ತ ಸರಿಸಿದಳು.
"ಯಂತ್ರ ಅಲ್ಲೇ ಇತ್ತು, ನಿಜ. ಆದರೆ ಶನಿವಾರ ಸಂಜೆ
ಗಸಿಯ ಬಕೆಟ್ಟು ಹಿಂದಿನ ಬಾಗಿಲಿಂದ ಹೊರಗೆ.
ಮೂರು ಮೆಟ್ಟಿಲು, ಎಡಕ್ಕೆ.
ಮಣ್ಣು ಎಲ್ಲವನ್ನೂ ಕುಡಿಯುತ್ತೆ ಅಂತಿದ್ದ ಯಜಮಾನ."

ಬಾಗಿಲು ಈಗಿಲ್ಲ. ಮೆಟ್ಟಿಲೂ ಇಲ್ಲ.
ಅವಳು ಒಳಗೆ ಬಂದು, ಇಲ್ಲದ ಬಕೆಟ್ಟು ಹಿಡಿದು,
ಬಲಭುಜ ಭಾರಕ್ಕೆ ವಾಲಿಸಿ,
ಒಂದು, ಎರಡು, ಮೂರು
ಸಮತಟ್ಟು ಡಾಂಬರಿನ ಮೇಲೆ ಇಳಿದಳು.
ನಿಂತಲ್ಲಿ ನಾನು ಬಿಳಿ ಬಣ್ಣ ಸಿಂಪಡಿಸಿದೆ.

ಹನ್ನೊಂದಡಿಯಲ್ಲಿ ಮೀಟರು ಕಿರುಚಿತು.
ಕಣ್ಣಿಗೆ ಏನೂ ಇಲ್ಲ, ಬರೀ ಜೇಡಿ. ಗಾಳಿ ಇತ್ತ ತಿರುಗಿದಾಗ
ಮೆಲ್ಲಗೆ ಒಂದು ಸಿಹಿ ವಾಸನೆ.
ಅವಳು ಮೂಗು ಅರಳಿಸಿ,
"ಶನಿವಾರ," ಎಂದಳು.

ನೀರಿಗಿಂತ ಭಾರ ಅದು. ಎಣ್ಣೆಯ ಹಾಗೆ
ತೇಲಿ ಮುಖ ತೋರಿಸುವ ಜಾತಿಯದಲ್ಲ.
ಮುಳುಗಿ, ಜೇಡಿಯ ಮೇಲೆ ಕೂತು,
ಇಳಿಜಾರು ಎತ್ತಲೋ ಅತ್ತ ತೆವಳುತ್ತದೆ,
ವರ್ಷಕ್ಕೆ ಕೆಲವು ಮಾರು, ಯಾರದೋ ನೆಲಮಾಳಿಗೆಯ ಕಡೆಗೆ.
ಕೊಳೆ ಹೋಗಿರಲಿಲ್ಲ, ಮನೆ ಬದಲಾಯಿಸಿತ್ತು.
ಯಜಮಾನ ಕೈತೊಳೆದುಕೊಂಡು
ಫ್ಲೋರಿಡಾದಲ್ಲಿ ತೀರಿಕೊಂಡು ಒಂಬತ್ತು ವರ್ಷ.

ಮಧ್ಯಾಹ್ನ ಬಾವಿಕೊಳವೆಗೆ ಪಂಪು ಇಳಿಸಿದೆವು.
ನಿಧಾನ, ಒರತೆಗೂ ಎಚ್ಚರವಾಗದಷ್ಟು ನಿಧಾನ.
ಸಂಖ್ಯೆಗಳು ಅಲುಗಾಟ ಬಿಡುವ ತನಕ ಕಾದು
ಹೆಬ್ಬೆರಳಿನಷ್ಟು ಸೀಸೆಗೆ ತುಂಬಿದೆ, ಅಂಚು ಮೀರಿ
ನೀರು ಉಬ್ಬಿ ನಿಲ್ಲುವವರೆಗೆ.
ಮುಚ್ಚಿ, ತಲೆಕೆಳಗು ಮಾಡಿ, ಬೆರಳಿಂದ ತಟ್ಟಿದೆ.
ಒಂದು ಗುಳ್ಳೆ. ಚೆಲ್ಲಿ ಮತ್ತೆ ಹೊಸ ಸೀಸೆ.
"ಅಷ್ಟಕ್ಕೇ?" ಎಂದಳು.
"ಗಾಳಿ ಉಳಿದರೆ ಅದು ಗಾಳಿಗೆ ಹತ್ತಿಬಿಡುತ್ತೆ,
ನೀರು ತಾನು ಶುದ್ಧ ಅನ್ನುತ್ತೆ."
ಅವಳು ಬಹಳ ಹೊತ್ತು ಸೀಸೆಯನ್ನೇ ನೋಡಿದಳು.
ಎಷ್ಟು ತಿಳಿ. ಬಾಯಾರಿಕೆ ಆಗುವಷ್ಟು ತಿಳಿ.
ಆಮೇಲೆ ಇಳಿಜಾರಿನ ಕಡೆ ಗದ್ದ ತೋರಿಸಿ,
"ನೀಲಿ ಬಾಗಿಲು ಇದೆಯಲ್ಲ, ಅದು ನನ್ನದು," ಎಂದಳು.
ಎರ್ಮಿನಿಯೊ ಯಂತ್ರ ಆರಿಸಿದ.
ನಾನು ಚೀಟಿಯ ಮೇಲೆ ವೇಳೆ ಬರೆದೆ: ಎರಡು ನಲವತ್ತು.

ಯಾರು ತೆಗೆದರು, ಯಾರು ಒಯ್ದರು, ಯಾರ ಕೈ ಸೇರಿತು,
ಎಲ್ಲಕ್ಕೂ ನಮೂನೆಯಲ್ಲಿ ಅಂಕಣವಿದೆ.
ಯಾರು ತೋರಿಸಿದರು ಎಂಬುದಕ್ಕಿಲ್ಲ.
ಅಂಚಿನಲ್ಲಿ ಬರೆದೆ, ಕಾಗುಣಿತ ಅವಳನ್ನೇ ಕೇಳಿ.

ಸೀಸೆಗಳನ್ನು ಐಸಿನಲ್ಲಿಟ್ಟು ಪೆಟ್ಟಿಗೆಗೆ ಟೇಪು ಸುತ್ತುವಾಗ
"ಯಾವಾಗ?" ಎಂದಳು.
ಎರಡು ವಾರ.
"ನಾವು ಶುಕ್ರವಾರ ತಗೊಂಡರೆ ಸೋಮವಾರ ಕೊಡುತ್ತಿದ್ದೆವು.
ಚೀಟಿ ಎಲ್ಲಿ? ಚೀಟಿಯಿಲ್ಲದೆ ಯಾರೂ ಬಟ್ಟೆ ಬಿಟ್ಟುಹೋಗಬಾರದು."

ಹಳದಿ ಪ್ರತಿಯನ್ನು ಹರಿದು ಕೊಟ್ಟೆ.
ಮೊಣಕಾಲ ಮೇಲಿಟ್ಟು, ಎರಡಾಗಿ ಮಡಚಿ,
ಮಡಿಕೆಯುದ್ದಕ್ಕೂ ಉಗುರು ಎಳೆದಳು,
ಇನ್ನು ಯಾರು ಬಿಡಿಸಿದರೂ ಅಳಿಯದ ಹಾಗೆ.